ಒರತೆಕಲ್ಲಿನ ಕೆಳಗಿನ ಸಾಕ್ಷಿ

“ಮೂವತ್ತು ಹೆಜ್ಜೆ ಹಿಂದೆ ಹೋಗಿ, ಬೆನ್ನು ತಿರುಗಿಸಿ ನಿಲ್ಲಿ” ಎಂದು ಅಡಾಲ್ಬರ್ಟ್ ಶೋರ್ ಹೇಳಿದ. ಉಲ್ಮರ್ಸ್‌ಬ್ರುನ್ ಊರಿನವರೆಲ್ಲ ಹಾಗೇ ಮಾಡಿದರು. ಗ್ರೋಸ್‌ಲೈಟನ್ ಪಟ್ಟಣದಿಂದ ಬಂದಿದ್ದ ಸರ್ವೇಯರ್ ಕೂಡ, ಇದೆಂಥ ಮಂಗಾಟ ಎಂಬ ಮುಖ ಮಾಡಿಕೊಂಡು, ತನ್ನ ಮೂರು ಕಾಲಿನ ಉಪಕರಣವನ್ನು ಅಲ್ಲೇ ಬಿಟ್ಟು ಬಂದು ಬೀಚ್ ಎಂಬ ಕಾಡುಮರಗಳ ಕಡೆ ಮುಖ ಮಾಡಿ ನಿಂತ. ಗಡಿಕಲ್ಲನ್ನು ಎತ್ತುವಾಗ ಅದರ ಕೆಳಗೇನಿದೆ ಎಂದು ನೋಡುವ ಹಕ್ಕು ಏಳ್ವರಿಗೆ ಮಾತ್ರ. ಅವನ ಆಫೀಸಿಗೂ ಇಲ್ಲ, ಅವನ ನಕಾಶೆಗೂ ಇಲ್ಲ.

ಏಳ್ವರು ಎಂದರೆ ಊರು ಪ್ರಮಾಣ ಮಾಡಿಸಿ ನೇಮಿಸಿದ ಏಳು ಮಂದಿ. ಸಾಯುವವರೆಗೆ ಆ ಕೆಲಸ. ಹೊಲಕ್ಕೆ, ಕಾಡಿಗೆ, ಊರಿಗೆ ಗಡಿಕಲ್ಲು ನೆಡುವವರು ಅವರು. ನೆಡುವಾಗ ಕಲ್ಲಿನ ಕೆಳಗೆ ಕೆಲವು ಸಾಕ್ಷಿಗಳನ್ನು ಒಂದು ಬಗೆಯಲ್ಲಿ ಜೋಡಿಸಿ ಮಣ್ಣು ಮುಚ್ಚುತ್ತಾರೆ. ಯಾವ ಸಾಕ್ಷಿ, ಯಾವ ಜೋಡಣೆ ಎಂಬುದು ಬಾಯಿಂದ ಕಿವಿಗೆ ಹೋಗುವ ಗುಟ್ಟು. ಅದು ಕಾಗದಕ್ಕೆ ಇಳಿಯುವಂತಿಲ್ಲ, ಹೆಂಡತಿಯ ಕಿವಿಗೂ ಬೀಳುವಂತಿಲ್ಲ. ಯಾವನಾದರೂ ಕಲ್ಲನ್ನು ಕಿತ್ತು ನಾಲ್ಕು ಮಾರು ಆಚೆ ನೆಟ್ಟರೆ ಕೆಳಗೆ ಸಾಕ್ಷಿ ಇರುವುದಿಲ್ಲ, ಕಳ್ಳತನ ಬಯಲಾಗುತ್ತದೆ. ಈ ವರ್ಷ ಏಳ್ವರಲ್ಲಿ ಆರೇ ಮಂದಿ ಉಳಿದಿದ್ದರು. ಕಿಲಿಯಾನ್ ಮುದುಕ ಜನವರಿಯಲ್ಲಿ ಎದೆನೋವಿನಿಂದ ಹೋಗಿದ್ದ, ಅವನ ಜಾಗಕ್ಕೆ ಇನ್ನೂ ಯಾರನ್ನೂ ತಂದಿರಲಿಲ್ಲ.

ಬುರ್ಗಾ ಶೋರ್ ಎಲ್ಲರ ಜೊತೆ ಬೆನ್ನು ತಿರುಗಿಸಿ ನಿಂತಿದ್ದಳು. ಅರವತ್ತನಾಲ್ಕು ವಯಸ್ಸು. ಏಳ್ವರ ಮುಖ್ಯಸ್ಥ ಅಡಾಲ್ಬರ್ಟನ ಅಣ್ಣ ಕೊನ್ರಾಡನ ಹೆಂಡತಿ ಅವಳು. ಕೊನ್ರಾಡ್ ರಷ್ಯಾದ ಹಿಮದಲ್ಲಿ ಎಲ್ಲೋ ಬಿದ್ದು ಮೂವತ್ತೈದು ವರ್ಷವಾಗಿತ್ತು. ಸಲಿಕೆ ಮಣ್ಣಿಗೆ ಇಳಿಯುವ ಸದ್ದು, ಕಲ್ಲು ವಾಲಿದ ಸದ್ದು ಅವಳಿಗೆ ಕೇಳಿತು. ಆಮೇಲೆ ಏನೂ ಇಲ್ಲ. ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆರು ಮಂದಿ ಪಿಸುಪಿಸು ಮಾತಾಡಿದರು, ಒಬ್ಬ ಕೆಮ್ಮಿದ.

ಅಡಾಲ್ಬರ್ಟ್ ಎಲ್ಲರನ್ನೂ ತಿರುಗಲು ಹೇಳಿದ. ತಲೆಯ ಮೇಲೆ ಎಂದಿನ ಹಸಿರು ಹ್ಯಾಟು, ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಕೆಳಗಿರೋ ಸಾಕ್ಷಿ ನಮ್ದಲ್ಲ” ಎಂದ. “ಈ ಕಲ್ಲನ್ನ ಯಾವ್ದೋ ಕಾಲ್ದಲ್ಲಿ ಕಿತ್ತು ತಂದು ಇಲ್ಲಿ ನೆಟ್ಟಿದಾರೆ.”

ಆ ಮಾತಿನ ಅರ್ಥ ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಕಲ್ಲು ಸುಳ್ಳಾದರೆ ಪಟ್ಟಣದ ನಕಾಶೆ ನಿಜ. ನಕಾಶೆ ನಿಜವಾದರೆ ಗಡಿ ಒರತೆಗಿಂತ ಕೆಳಗಿನ ಇಳಿಜಾರಿನಲ್ಲಿ ಹಾಯುತ್ತದೆ, ಒರತೆ ಪಟ್ಟಣದ ಪಾಲು.

ಇದನ್ನು ಹೇಳುವಾಗ ಹೊಟ್ಟೆ ಉರಿಯುತ್ತದೆ, ಆದರೂ ಹೇಳಬೇಕು. ಉಲ್ಮರ್ಸ್‌ಬ್ರುನ್‌ನಲ್ಲಿ ಅರವತ್ತೆರಡು ಮನೆ. ಹಳ್ಳ ಬಳಸಿಕೊಂಡು ಹೋಗುವ ತಿರುವಿನಲ್ಲಿ ಊರು, ಪಡುವಣ ಇಳಿಜಾರಿನಲ್ಲಿ ಬೀಚ್ ಕಾಡು, ಕಾಡಿನ ಅಂಚಿಗೆ ಒರತೆ. ಈಗ ಎತ್ತಿದ ಈ ಒರತೆಕಲ್ಲನ್ನು ನೆಟ್ಟದ್ದು ಸಾವಿರದ ಏಳುನೂರ ನಲವತ್ತೊಂದರಲ್ಲಿ. ಅದರ ಒಂದು ಮುಖದಲ್ಲಿ ಬಿಷಪ್‌ನ ದಂಡ, ಇನ್ನೊಂದು ಮುಖದಲ್ಲಿ ಈ ಊರನ್ನು ಆಳುತ್ತಿದ್ದ ಸರದಾರನ ಮೂರು ನಕ್ಷತ್ರ. ಬಿಷಪ್‌ನ ಆಳ್ವಿಕೆ ಹೋಯಿತು, ಸರದಾರನ ವಂಶ ಮುಗಿಯಿತು, ಬವೇರಿಯಾದ ರಾಜ ಬಂದ, ಅವನೂ ಹೋದ. ಸರ್ವಾಧಿಕಾರಿಯ ಕಂದು ಅಂಗಿಯ ಪಡೆಯವರು ಬಂದು ಮೇಯರ್ ಕುರ್ಚಿಯಿಂದ ಫೈಟ್ ಶೋರ್‌ನನ್ನು, ಅಂದರೆ ಬುರ್ಗಾಳ ಮಾವನನ್ನು, ಕೊರಳಪಟ್ಟಿ ಹಿಡಿದು ಎಬ್ಬಿಸಿದರು. ಹನ್ನೆರಡು ವರ್ಷ ಕುಣಿದು ಊರಿನ ಇಪ್ಪತ್ತಾರು ಗಂಡಸರನ್ನು ತಿಂದು ಅವರೂ ತೊಲಗಿದರು. ಇಷ್ಟೆಲ್ಲ ಆದರೂ ಊರಿನ ಮುದ್ರೆ ಊರಿನಲ್ಲೇ ಇತ್ತು. ಅದನ್ನು ಕಸಿದದ್ದು ಸುಧಾರಣೆ ಎಂಬ ಹೆಸರಿನ ಒಂದು ಕಾಗದ. ಸಣ್ಣ ಊರುಗಳು ದಂಡ, ದೊಡ್ಡದರ ಜೊತೆ ಸೇರಿಸಿದರೆ ಆಡಳಿತ ಸಲೀಸು ಎಂದು ರಾಜಧಾನಿಯಲ್ಲಿ ಕುಳಿತವರಿಗೆ ಹೊಳೆಯಿತಂತೆ. ಊರು ಮತ ಹಾಕಿತು: ಬೇಡ ಎಂದು ಇನ್ನೂರ ಮೂರು, ಬೇಕು ಎಂದು ಆರು. ಕಾಗದ ಆರರ ಕಡೆ ನಿಂತಿತು. ಮೇ ಒಂದನೇ ತಾರೀಖು ಸೋಮವಾರದಿಂದ ಉಲ್ಮರ್ಸ್‌ಬ್ರುನ್ ಎಂಬ ಗ್ರಾಮಸಭೆ ಇಲ್ಲ. ಗ್ರೋಸ್‌ಲೈಟನ್ ಪಟ್ಟಣದ ಹನ್ನೊಂದನೇ ಬಡಾವಣೆ, ಅಷ್ಟೇ.

ಕೊನೆಯ ಮೇಯರ್ ಒಟ್ಮಾರ್ ಕ್ರಾಪ್ ಎಂಟು ತಿಂಗಳು ಪಟ್ಟಣದವರ ಬಾಗಿಲು ಸವೆಸಿ ಒಂದೇ ಒಂದು ಷರತ್ತು ಬರೆಸಿಕೊಂಡಿದ್ದ. ಹಳೆಯ ಗಡಿಯೊಳಗಿನ ನೀರು ಈ ಅರವತ್ತೆರಡು ಮನೆಗಳಿಗೇ ಸೇರಿದ್ದು, ಅದನ್ನು ಬೇರೆಡೆಗೆ ಒಯ್ಯುವಂತಿಲ್ಲ. ಪಟ್ಟಣದವರು ನಗುತ್ತ ಸಹಿ ಹಾಕಿದರು. ಆಮೇಲೆ ನಕಾಶೆ ತೆಗೆದರು. ಅವರಿಗೊಂದು ಈಜುಕೊಳ ಕಟ್ಟಬೇಕಿತ್ತು. ಗಡಿಯ ವಿಷಯದಲ್ಲಿ ನಕಾಶೆಗಿಂತ ಏಳ್ವರ ಮಾತೇ ಮೇಲು ಎಂಬ ಹಳೆಯ ಕಾನೂನು ಇನ್ನೂ ಇದ್ದದ್ದರಿಂದ ಊರಿನವರು ಧೈರ್ಯವಾಗಿದ್ದರು.

ಸರ್ವೇಯರ್‌ಗೆ ಈಗ ಮಂಗಾಟ ಎನ್ನಿಸಲಿಲ್ಲ. ಏಳ್ವರ ಪದ್ಧತಿಯನ್ನು ಬಾಯಿತುಂಬ ಹೊಗಳಿದ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಎಲ್ಲರೂ ವರದಿಗೆ ಸಹಿ ಹಾಕೋಣ, ಅಲ್ಲಿಯವರೆಗೆ ಗುಂಡಿಗೆ ಹಲಗೆ ಮುಚ್ಚಿರಲಿ ಎಂದ. ಅಂದು ಮಂಗಳವಾರ.

ಜನ ತಲೆ ತಗ್ಗಿಸಿಕೊಂಡು ಇಳಿಜಾರು ಇಳಿದರು. ಬುರ್ಗಾ ಹಿಂದೆ ಉಳಿದಳು. ಶೂ ದಾರ ಕಟ್ಟುವ ನೆಪದಲ್ಲಿ ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆಯ ಬಳಿ ಕುಳಿತಳು. ಸಲಿಕೆಯಿಂದ ಎಸೆದ ಮಣ್ಣಿನಲ್ಲಿ, ಕಸದ ಜೊತೆ, ಹೆಬ್ಬೆರಳಿನಷ್ಟು ದೊಡ್ಡ ಒಂದು ಚೂರು ಬಿದ್ದಿತ್ತು. ಅದು ಯಾವುದರ ಚೂರು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಾನು ಅಡಾಲ್ಬರ್ಟನಿಗಿಂತ ಕಡೆ. ಅವಳಿಗೆ ಮಾತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನಿಜವಾದ ಸಾಕ್ಷಿ. ಕಲ್ಲು ನಿಜ. ಇನ್ನೂರು ಚಿಲ್ಲರೆ ವರ್ಷದಿಂದ ಅದು ನೆಟ್ಟಲ್ಲೇ ಇತ್ತು.

ಅವಳು ಚೂರನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಶೂ ದಾರವನ್ನು ಕಡಿದುಹೋಗುವ ಹಾಗೆ ಎಳೆದು ಕಟ್ಟಿದಳು. ಅಷ್ಟು ಸಿಟ್ಟು ಬಂದಿತ್ತು.

ಆ ಸಿಟ್ಟಿಗೆ ಮೂವತ್ತಮೂರು ವರ್ಷ ವಯಸ್ಸು. ಸಾವಿರದ ಒಂಬೈನೂರ ನಲವತ್ತೈದರ ಏಪ್ರಿಲ್‌ನಲ್ಲಿ ಅಮೆರಿಕನ್ನರ ಟ್ಯಾಂಕುಗಳು ಹಳ್ಳದಾಚೆ ಬಂದು ನಿಂತಿದ್ದವು. ಏಳ್ವರಲ್ಲಿ ಐದು ಮಂದಿ ಮಣ್ಣಾಗಿದ್ದರು, ಆರನೆಯವನಿಗೆ ಬುದ್ಧಿ ಕೆಟ್ಟಿತ್ತು. ಉಳಿದವನು ಮಾವ ಫೈಟ್, ಅವನೂ ಶ್ವಾಸ ಕಟ್ಟಿ ಆಲೂಗಡ್ಡೆಯ ನೆಲಮಾಳಿಗೆಯಲ್ಲಿ ಚೀಲಗಳ ಮೇಲೆ ಮಲಗಿದ್ದ. ಒಬ್ಬ ಮಗ ಸತ್ತಿದ್ದ, ಇನ್ನೊಬ್ಬ ಎಲ್ಲಿದ್ದಾನೋ ಗೊತ್ತಿರಲಿಲ್ಲ. ಮೇಲೆ ಗುಂಡು ಹಾರುತ್ತಿದ್ದ ಒಂದು ಮಧ್ಯಾಹ್ನ ಮುದುಕ ಸೊಸೆಯನ್ನು ಹತ್ತಿರ ಕರೆದು, ತಲೆಯ ಬಟ್ಟೆ ತೆಗೆ ಎಂದ. ಗುಟ್ಟು ಪಡೆಯುವವರು ಬರಿ ತಲೆಯಲ್ಲಿ ನಿಂತು ಕೇಳಿಕೊಳ್ಳಬೇಕು, ಅದು ಪದ್ಧತಿ. ಬುರ್ಗಾ ಬಟ್ಟೆ ತೆಗೆದು, ಅವನು ಹೇಳಿಕೊಟ್ಟ ಹಾಗೆ, “ನನಗೆ ಗೊತ್ತಿಲ್ಲ, ನನಗೆ ಕೊಡಿ” ಎಂದಳು. ಅವನು ಕೊಟ್ಟ. ಪ್ರಮಾಣ ಮಾಡಿದ ಗಂಡಸಿಗೆ ಮಾತ್ರ ದಾಟಿಸು ಎಂದು ಮಾತು ತೆಗೆದುಕೊಂಡ. ಎರಡು ದಿನಕ್ಕೆ ಸತ್ತ.

ಜುಲೈನಲ್ಲಿ ಅಡಾಲ್ಬರ್ಟ್ ಸೆರೆಯಿಂದ ಬಂದ. ಬಾಂಬಿನ ಸದ್ದಿಗೆ ಎಡಗಿವಿ ಪೂರ್ತಿ ಹೋಗಿತ್ತು. ಅವನು ಹೊಸ ಏಳ್ವರ ಮುಖ್ಯಸ್ಥನಾಗಿ ಪ್ರಮಾಣ ಮಾಡಿದ ಸಂಜೆಯೇ ಬುರ್ಗಾ ಅವನ ಅಡುಗೆಮನೆಗೆ ಹೋಗಿ, ಮಾವ ಒಂದು ಮಾತು ಹೇಳಿ ಹೋಗಿದ್ದಾರೆ, ಕಲ್ಲಿನ ವಿಷಯ ಎಂದಳು. ಅವನು ನಕ್ಕ. ಅಪ್ಪ ಯುದ್ಧಕ್ಕೆ ಮುಂಚೆಯೇ ನನಗೆ ಎಲ್ಲ ಹೇಳಿ ಆಗಿದೆ, ನೀನು ನಿನ್ನ ಒಲೆ ನೋಡಿಕೋ ಎಂದು ಎಡಗಿವಿಯನ್ನು ಅವಳತ್ತ ತಿರುಗಿಸಿ ಕುಳಿತ. ಅವಳು ನಂಬಿದಳು. ಮಗನಿಗೆ ಹೇಳಿದ್ದ ಮೇಲೆ ಮುದುಕ ತನಗೇಕೆ ಹೇಳಿದ ಎಂದು ಒಳಗೊಳಗೇ ನೊಂದಳು ಕೂಡ. ಬಾಯಿ ಹೊಲಿದುಕೊಂಡು ಬದುಕಿದಳು. ಅಡಾಲ್ಬರ್ಟ್ ಸುಳ್ಳು ಹೇಳಿದ್ದ ಎಂದು ಗೊತ್ತಾದದ್ದು ಇವತ್ತು, ಕಸದಲ್ಲಿ ಬಿದ್ದ ಒಂದು ಚೂರಿನಿಂದ.

ಅವಳು ನೇರ ಅವನ ಮನೆಗೆ ಹೋದಳು. ಅವನು ಅಡುಗೆಮನೆಯಲ್ಲಿ ಕುಳಿತು ಬ್ರೆಡ್ಡಿಗೆ ಲಿವರ್ ಸಾಸೇಜ್ ಹಚ್ಚುತ್ತಿದ್ದ, ಹ್ಯಾಟು ತಲೆಯ ಮೇಲೇ ಇತ್ತು. ಬುರ್ಗಾ ಚೂರನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

“ಇದು ಗುರ್ತಿದೆಯಾ?”

“ಕಸ.”

“ನಿಮ್ಮಪ್ಪ ಕೈಯಾರೆ ಇಂಥದ್ದನ್ನ ಎಷ್ಟು ಕಲ್ಲಿನ ಕೆಳಗೆ ಇಟ್ಟಿದಾರೆ ಅಂತ ನಂಗೊತ್ತು. ಎಲ್ಲಿ ಇಡ್ಬೇಕು, ಯಾವ ಕಡೆ ಮುಖ ಮಾಡ್ಬೇಕು, ಅದೂ ಗೊತ್ತು. ನಿಂಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ.”

ಅಡಾಲ್ಬರ್ಟ್ ಚಾಕು ಕೆಳಗಿಟ್ಟ. ಎದ್ದು ಬಾಗಿಲು ಹಾಕಿದ. ಆಮೇಲೆ ಅವನು ಹೇಳಿದ್ದರಲ್ಲಿ ಅರ್ಧ ಬೈಗುಳ, ಅರ್ಧ ಗೋಳು. ಯುದ್ಧದಿಂದ ಬಂದಾಗ ಊರಿಡೀ ತನ್ನ ಮುಖ ನೋಡುತ್ತಿತ್ತಂತೆ, ಫೈಟ್ ಶೋರ್‌ನ ಮಗನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು ಎಂದು. ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲವಂತೆ. ಒಂದು ಜೋಡಣೆಯನ್ನು ತಾನೇ ಹೊಸೆದು ಉಳಿದ ಆರು ಮಂದಿಗೆ ಅಪ್ಪನ ಹೆಸರಿನಲ್ಲಿ ದಾಟಿಸಿದ. ಅವರು ಪಾಪ, ನಂಬಿದರು. ಅಲ್ಲಿಂದೀಚೆಗೆ ಹಳೆಯ ಕಲ್ಲನ್ನು ಎತ್ತುವ ಪ್ರಸಂಗ ಬಂದಾಗಲೆಲ್ಲ ಏನಾದರೊಂದು ನೆಪ ಹೂಡಿ ತಪ್ಪಿಸುತ್ತ ಬಂದ. ಹೊಸದಾಗಿ ನಲವತ್ತೊಂದು ಕಲ್ಲು ನೆಟ್ಟರು. ಎಲ್ಲದರ ಕೆಳಗೂ ಇವನ ಸುಳ್ಳು.

“ಹಂಗಾದ್ರೆ ಇವತ್ತು ಗುಂಡಿಲಿ ನೋಡ್ದಾಗ ನಿಂಗೆ ಗೊತ್ತಾಯ್ತು” ಎಂದಳು ಬುರ್ಗಾ. “ಇದೇ ಅಪ್ಪಂದು, ನಂದೇ ಖೋಟಾ ಅಂತ. ಗೊತ್ತಾಗಿಯೂ ಒರತೆ ಕೊಟ್ಬಿಟ್ಟೆ.”

“ಇನ್ನೇನ್ ಮಾಡ್ಲಿ? ಆ ಐದು ಜನದ ಮುಂದೆ ಏನಂತ ಹೇಳ್ಲಿ?”

“ನಂಗೆ ಗೊತ್ತಿಲ್ಲ ಅಂತ ಹೇಳೋದು. ಎರಡೇ ಎರಡು ಪದ.”

ಅವನ ಮುಖ ಕೆಂಪಾಯಿತು. ಪ್ರಮಾಣ ಮಾಡದೆ ಗುಟ್ಟು ಇಟ್ಟುಕೊಂಡಿರುವವಳು ಕಳ್ಳಿ ಎಂದ. ಸಾಯುವ ಮುದುಕನ ಬಾಯಿಂದ ಕಿತ್ತುಕೊಂಡಿರಬೇಕು ಎಂದ. “ಎಲ್ಲಿಂದ್ಲೋ ಮದ್ವೆಯಾಗಿ ಬಂದೋಳು ನೀನು, ಅತ್ತಿಗೆ. ಈ ಊರಿನ ಗಡಿ ಬಗ್ಗೆ ನಂಗೆ ಪಾಠ ಹೇಳ್ಬೇಡ. ಆರು ದಿನಕ್ಕೆ ಊರೇ ಇರಲ್ಲ. ಸತ್ತಿರೋ ದನದ ಕೊಂಬಿಗೆ ಯಾಕಿಷ್ಟು ಜಗಳ?”

ಬುರ್ಗಾ ಚೂರನ್ನು ಮತ್ತೆ ಜೇಬಿಗೆ ಹಾಕಿಕೊಂಡು ಎದ್ದಳು. ಆ ತಟ್ಟೆಯನ್ನು ಎತ್ತಿ ಅವನ ತಲೆಗೆ ಬಡಿಯಬೇಕು ಎನ್ನಿಸಿತು. ಹೊರಗೆ ಬಂದು ತೊಟ್ಟಿಯ ಬಳಿ ನಿಂತು, ಒರತೆಯಿಂದ ಮರದ ಕಾಲುವೆಯಲ್ಲಿ ಹರಿದು ಬರುವ ನೀರಿಗೆ ಬೊಗಸೆ ಒಡ್ಡಿ ಮುಖ ತೊಳೆದುಕೊಂಡಳು. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನಿಸುವ ನೀರು. ಗಂಡನ ಸಾವಿನ ಕಾಗದ ಬಂದ ದಿನವೂ ಅವಳು ಇಲ್ಲೇ ಮುಖ ತೊಳೆದುಕೊಂಡಿದ್ದಳು. ಇದರಲ್ಲಿ ಪಟ್ಟಣದವರು ಚಡ್ಡಿ ಹಾಕಿಕೊಂಡು ಈಜುವುದನ್ನು ನೆನೆಸಿಕೊಂಡರೆ ಅವಳಿಗೆ ಮೈ ಉರಿಯಿತು.

ಗುಟ್ಟನ್ನು ಊರ ಮುಂದೆ ಕೂಗಿ ಹೇಳಿದರೆ ಒರತೆ ಉಳಿಯುತ್ತದೆ. ಆದರೆ ನಾಳೆಯಿಂದ ಯಾವ ಕಳ್ಳ ಬೇಕಾದರೂ ಸಾಕ್ಷಿ ಹೂತು ಪಕ್ಕದವನ ಹೊಲ ನುಂಗಬಹುದು, ಮುದುಕನಿಗೆ ಕೊಟ್ಟ ಮಾತೂ ಮುರಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಒರತೆ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ಬುಧವಾರ ಬೆಳಿಗ್ಗೆ ಅವಳು ಮೇಯರ್ ಕ್ರಾಪ್‌ನ ಬೇಕರಿಗೆ ಹೋದಳು. ಗ್ರಾಮ ಕಚೇರಿ ಎಂದರೆ ಆ ಬೇಕರಿಯ ಹಿಂದಿನ ಕೋಣೆ. ಕ್ರಾಪ್ ಹಿಟ್ಟಿನ ಕೈಯಲ್ಲೇ ಹಳೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಮುದ್ರೆ ಮಾತ್ರ ಇನ್ನೂ ಮೇಜಿನ ಮೇಲಿತ್ತು.

“ಏಳ್ವರಲ್ಲಿ ಒಂದು ಜಾಗ ಖಾಲಿ ಇದೆ. ನಂಗೆ ಪ್ರಮಾಣ ಮಾಡ್ಸು” ಎಂದಳು.

ಕ್ರಾಪ್ ತಮಾಷೆ ಎಂದುಕೊಂಡು ನಗಲು ಹೋದ, ಅವಳ ಮುಖ ನೋಡಿ ನಿಲ್ಲಿಸಿದ. ಹೆಂಗಸರು ಯಾವತ್ತೂ ಇದ್ದದ್ದಿಲ್ಲವಲ್ಲ ಎಂದ. ಇರಬಾರದು ಎಂದು ಎಲ್ಲಿ ಬರೆದಿದೆ ತೋರಿಸು ಎಂದಳು. ಅವನು ಪೆಟ್ಟಿಗೆಯಿಂದ ನಿಯಮದ ಪುಸ್ತಕ ತೆಗೆದು, ಹಾಳೆಗಳಿಗೆಲ್ಲ ಹಿಟ್ಟು ಮೆತ್ತಿಸುತ್ತ ಅರ್ಧ ಗಂಟೆ ಹುಡುಕಿದ. ಎಲ್ಲೂ ಬರೆದಿರಲಿಲ್ಲ. ಬರೆಯಬೇಕು ಎಂದು ಯಾರಿಗೂ ಹೊಳೆದೇ ಇರಲಿಲ್ಲ. ಇದ್ದದ್ದು ಇಷ್ಟು: ಉಳಿದ ಏಳ್ವರು ಆರಿಸಬೇಕು, ಮೇಯರ್ ಪ್ರಮಾಣ ಮಾಡಿಸಬೇಕು.

“ಅವ್ರು ಆರಿಸಲ್ಲ, ಬುರ್ಗಾ.”

“ಆರಿಸ್ದಿದ್ರೆ ಶನಿವಾರ ಆ ಸರ್ವೇಯರ್ ಮುಂದೆ, ಊರವರ ಮುಂದೆ, ಕಲ್ಲಿನ ಕೆಳಗೆ ಏನಿದೆ ಅಂತ ಒಂದೊಂದಾಗಿ ಕೂಗಿ ಹೇಳ್ತೀನಿ. ಹೋಗಿ ಹೇಳು ಅವ್ರಿಗೆ.”

ನಿಜವಾಗಿ ಅವಳು ಕೂಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಅವಳ ಸಿಟ್ಟನ್ನು ಕಂಡವರು ಯಾರೂ ಅದನ್ನು ಪರೀಕ್ಷಿಸುವ ಧೈರ್ಯ ಮಾಡಲಿಲ್ಲ.

ಗುರುವಾರ ಮಧ್ಯಾಹ್ನ ಆರು ಮಂದಿ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರಿದರು. ಬುರ್ಗಾ ಬಾಗಿಲ ಬಳಿ ನಿಂತಿದ್ದಳು, ಯಾರೂ ಕುರ್ಚಿ ಕೊಡಲಿಲ್ಲ. ಅಡಾಲ್ಬರ್ಟ್ ಮೊದಲೇ ಬಾಯಿ ಬಡಿದುಕೊಂಡಿದ್ದ. ಇವಳಿಗೆ ವಯಸ್ಸಾಗಿ ತಲೆ ಕೆಟ್ಟಿದೆ, ನೆಲಮಾಳಿಗೆಯಲ್ಲಿ ಮುದುಕ ಜ್ವರದಲ್ಲಿ ಬಡಬಡಿಸಿದ್ದನ್ನು ಗುಟ್ಟು ಎಂದುಕೊಂಡಿದ್ದಾಳೆ ಎಂದಿದ್ದ. ಆರರಲ್ಲಿ ಕಿರಿಯವನು ಏವಾಲ್ಟ್, ಮೂವತ್ತೆಂಟರ ಬಡಗಿ. ಮದುವೆ ಮನೆಯಲ್ಲಿ ಎಲ್ಲರನ್ನೂ ನಗಿಸುವವನು. ಅವನು ಕೇಳಿದ:

“ಬುರ್ಗಾ ಅತ್ತೆ, ನಿಮ್ಮದು ಖರೆ, ನಮ್ಮದು ಖೋಟಾ ಅಂತ ನಾವು ಹ್ಯಾಗೆ ನಂಬೋದು? ನಮ್ಮ ಕಣ್ಣಲ್ಲಿ ನೀವು ಆಲೂಗಡ್ಡೆ ಸಾರು ಚೆನ್ನಾಗಿ ಮಾಡ್ತೀರಿ, ಅಷ್ಟೇ.”

ಒಂದಿಬ್ಬರು ನಕ್ಕರು. ಬುರ್ಗಾ ನಗಲಿಲ್ಲ. ದಿಬ್ಬದ ನೆತ್ತಿಯಲ್ಲಿರುವ ದಂಡದಕಲ್ಲು ಎಂಬ ಗಡಿಕಲ್ಲು ಯಾವ ಕಾಲದ್ದು ಎಂದು ಕೇಳಿದಳು. ಒರತೆಕಲ್ಲಿನ ವರ್ಷದ್ದೇ ಎಂದರು. ಅದರ ಬಗ್ಗೆ ಯಾರಿಗಾದರೂ ತಕರಾರಿದೆಯೇ? ಯಾರಿಗೂ ಇರಲಿಲ್ಲ, ಪಟ್ಟಣದ ನಕಾಶೆಯಲ್ಲೂ ಅದು ಅಲ್ಲೇ ಇತ್ತು. “ಹಂಗಾದ್ರೆ ನಿಮ್ಮಲ್ಲಿ ಒಬ್ಬ ನನ್ನ ಜೊತೆ ಬನ್ನಿ. ನೀವೆಲ್ಲ ಪ್ರಮಾಣ ಮಾಡಿರೋರು, ನಿಮಗೆ ಹೇಳಿದ್ರೆ ಮಾತು ಮುರ್ದ ಹಾಗಲ್ಲ. ಅಗೆಯೋ ಮುಂಚೆ ಹೇಳ್ತೀನಿ. ಆಮೇಲೆ ಅಗೀರಿ.”

ಅಡಾಲ್ಬರ್ಟ್ ಕೂಡದು ಎಂದ. ಏವಾಲ್ಟ್ ಎದ್ದು ಸಲಿಕೆ ತೆಗೆದುಕೊಂಡ.

ದಿಬ್ಬದ ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಊರು ಅಂಗೈಯಗಲ ಕಾಣುತ್ತಿತ್ತು, ಆಚೆಗೆ ಪಟ್ಟಣದ ಹೊಸ ಬಡಾವಣೆಯ ಕೆಂಪು ಹೆಂಚುಗಳು. ಟೋಪಿ ತೆಗೆದು ಕೇಳು ಎಂದು ಬುರ್ಗಾ ಹೇಳಿದಳು. ಏವಾಲ್ಟ್ ಟೋಪಿ ತೆಗೆದ, ಹಲ್ಲು ಕಿರಿಯುತ್ತಲೇ ತೆಗೆದ. ಅವಳು ಹೇಳಿಕೊಟ್ಟ ಮಾತನ್ನು ಹೇಳಿದ. ಅವಳು ಅವನ ಕಿವಿಯಲ್ಲಿ ಹೇಳಿ ಮುಗಿಸಿ ಪಕ್ಕಕ್ಕೆ ಸರಿದಳು. ಅವನು ಅಗೆದು, ಕಲ್ಲನ್ನು ವಾಲಿಸಿ, ಮೊಣಕೈವರೆಗೆ ಕೈ ಇಳಿಸಿ ತಡಕಿದ. ತಡಕುತ್ತ ತಡಕುತ್ತ ಅವನ ಮುಖದ ನಗು ಹೋಯಿತು. ಕಲ್ಲನ್ನು ಮತ್ತೆ ಕೂರಿಸಿ ಮಣ್ಣು ತುಳಿದು ಗಟ್ಟಿ ಮಾಡಿದ.

ಬೇಕರಿಗೆ ಮರಳಿದ ಏವಾಲ್ಟ್ ಕೈ ಕೂಡ ತೊಳೆಯದೆ ಅಡಾಲ್ಬರ್ಟನ ಎದುರು ನಿಂತ.

“ಹನ್ನೊಂದು ವರ್ಷದ ಹಿಂದೆ ನನ್ನ ಟೋಪಿ ತೆಗೆಸಿ ನೀನು ನಂಗೆ ಏನ್ ಕೊಟ್ಟೆ?” ಎಂದ. ಆಮೇಲೆ ಉಳಿದ ನಾಲ್ವರ ಕಡೆ ತಿರುಗಿದ. “ಅವ್ರು ಹೇಳಿದ್ದು ಹೇಳಿದ ಹಾಗೇ ಇದೆ. ಇವರನ್ನ ಸೇರಿಸ್ಕೊಳ್ದಿದ್ರೆ ಶನಿವಾರ ನಾನು ಸಹಿ ಹಾಕಲ್ಲ, ಯಾಕೆ ಅಂತ ಎಲ್ರಿಗೂ ಹೇಳ್ತೀನಿ.”

ಆಮೇಲೆ ಆ ಕೋಣೆಯಲ್ಲಿ ನಡೆದ ಜಗಳ ಅಂಗಡಿಯಲ್ಲಿ ಬ್ರೆಡ್ ಕೊಳ್ಳುತ್ತಿದ್ದವರಿಗೂ ಕೇಳಿಸಿತು. ಒಬ್ಬ ಮುದುಕ ಅಡಾಲ್ಬರ್ಟನ ಕೊರಳಪಟ್ಟಿಗೆ ಕೈ ಹಾಕಿದ, ಕ್ರಾಪ್ ಬಿಡಿಸಿದ. ವಿಚಿತ್ರವೆಂದರೆ ಅವರ ಸಿಟ್ಟೆಲ್ಲ ಅಡಾಲ್ಬರ್ಟನ ಮೇಲೇ ಇರಲಿಲ್ಲ. ಮೂವತ್ತಮೂರು ವರ್ಷ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ಎಂದು ಬುರ್ಗಾಳ ಮೇಲೂ ಹರಿಹಾಯ್ದರು. ಅವಳು ಕೇಳಿಸಿಕೊಂಡಳು. ಕೊನೆಗೆ, ನಾನು ಬಾಯಿ ಬಿಟ್ಟಿದ್ದರೆ ನಿಮ್ಮಲ್ಲಿ ಯಾರು ಕಿವಿ ಕೊಡುತ್ತಿದ್ದಿರಿ, ಇವತ್ತು ಸಾರಿನ ಮಾತಿಗೆ ನಕ್ಕವರು ಯಾರು ಎಂದು ಕೇಳಿದಳು. ಐದು ಕೈ ಮೇಲೆದ್ದವು. ಒಬ್ಬರು ಎದ್ದು ಕುರ್ಚಿ ಕೊಟ್ಟರು, ಅವಳು ಕೂರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ರಾಪ್ ಅವಳಿಗೆ ಪ್ರಮಾಣ ಮಾಡಿಸಿದ. ಅವಳು ಬಲಗೈಯ ಮೂರು ಬೆರಳೆತ್ತಿ ಹೇಳಬೇಕಾದ್ದನ್ನು ಹೇಳಿದಳು. ಉಲ್ಮರ್ಸ್‌ಬ್ರುನ್ ಗ್ರಾಮಸಭೆಯ ಮುದ್ರೆ ಕೊನೆಯ ಸಲ ಕಾಗದಕ್ಕೆ ಬಿದ್ದದ್ದು ಆ ಪ್ರಮಾಣಪತ್ರದ ಮೇಲೆ. ಕ್ರಾಪ್ ಮುದ್ರೆಯನ್ನು ಒರೆಸಿ ಪೆಟ್ಟಿಗೆಗೆ ಹಾಕುವಾಗ ಅಳುತ್ತಿದ್ದ, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

ಹತ್ತು ಗಂಟೆಗೆ ಸರ್ವೇಯರ್ ವರದಿ ಹಿಡಿದುಕೊಂಡು ಒರತೆಯ ಬಳಿ ಕಾಯುತ್ತಿದ್ದ. ಸಹಿಗಿಂತ ಮೊದಲು ಏಳ್ವರು ಇನ್ನೊಮ್ಮೆ ನೋಡುತ್ತಾರೆ ಎಂದು ಏವಾಲ್ಟ್ ಹೇಳಿದ. ಇದಕ್ಕೆಲ್ಲ ಅವಕಾಶವಿಲ್ಲ ಎಂದು ಸರ್ವೇಯರ್ ಗೊಣಗಿದ. ಗೊಣಗುತ್ತಲೇ ಗುಂಪಿನಲ್ಲಿ ಒಬ್ಬ ಹೆಂಗಸು ಇರುವುದನ್ನು ಕಂಡು, ಇವರು ಹಿಂದೆ ಹೋಗಬೇಕಲ್ಲವೇ ಎಂದ.

“ಹಿಂದೆ ಹೋಗ್ಬೇಕಾದೋರು ನೀವು” ಎಂದಳು ಬುರ್ಗಾ. “ಮೂವತ್ತು ಹೆಜ್ಜೆ. ಬೆನ್ನು ತಿರುಗಿಸಿ ನಿಂತ್ಕೊಳ್ಳಿ.”

ಅವನು ಹೋದ. ಊರಿಗೆ ಊರೇ ಹೋಗಿ ಬೆನ್ನು ತಿರುಗಿಸಿತು. ಹಲಗೆ ಸರಿಸಿದರು. ಪುಣ್ಯಕ್ಕೆ ಉಳಿದ ಸಾಕ್ಷಿಗಳನ್ನು ಯಾರೂ ಕದಲಿಸಿರಲಿಲ್ಲ. ಒಂದರ ಜಾಗ ಮಾತ್ರ ಖಾಲಿ ಇತ್ತು, ಒತ್ತಿದ ಗುರುತು ಜೇಡಿಮಣ್ಣಿನಲ್ಲಿ ಹಾಗೇ ಇತ್ತು. ಏವಾಲ್ಟ್ ಬಿಟ್ಟು ಉಳಿದ ನಾಲ್ವರು ಒಬ್ಬೊಬ್ಬರಾಗಿ ಟೋಪಿ ತೆಗೆದು ಕೇಳಿದರು, ಅವಳು ಒಬ್ಬೊಬ್ಬರಿಗೂ ಕೊಟ್ಟಳು. ಎಲ್ಲರಿಗಿಂತ ಹಿರಿಯವನು ಬಗ್ಗಿ ಗುಂಡಿಯನ್ನು ನೋಡಿ, ಕಲ್ಲಿನ ಬುಡವನ್ನು ಸವರಿದ.

ಅಡಾಲ್ಬರ್ಟ್ ಹ್ಯಾಟು ಹಾಕಿಕೊಂಡು ಆಚೆ ಕಡೆ ನಿಂತಿದ್ದ. “ಅವ್ರಿಗೆ ಗೊತ್ತಾಯ್ತಲ್ಲ, ಸಾಕು. ಚೂರು ಇಡು, ಮುಚ್ಚೋಣ” ಎಂದ.

ಬುರ್ಗಾ ಜೇಬಿನೊಳಗೆ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು. “ನೀನು ಕೇಳೋವರ್ಗೂ ಇಡಲ್ಲ.”

“ಮೂವತ್ತೆರಡು ವರ್ಷದಿಂದ ನಾನು ಇವ್ರ ಮುಖ್ಯಸ್ಥ.”

“ಮೂವತ್ತೆರಡು ವರ್ಷದಿಂದ ನೀನು ಏನೂ ಅಲ್ಲ. ಕೇಳು. ಇಲ್ದಿದ್ರೆ ಇಲ್ಲಿಂದ ನಡಿ, ಏಳ್ವರು ಆರೇ ಜನ ಇದ್ರೂ ನಡೆಯತ್ತೆ.”

ಅವನು ಅತ್ತಿತ್ತ ನೋಡಿದ. ಐದು ಮಂದಿ ಅವನನ್ನೇ ನೋಡುತ್ತ ನಿಂತಿದ್ದರು. ಅವರ ಆಚೆ ಊರವರ ಬೆನ್ನುಗಳು, ಸರ್ವೇಯರ್‌ನ ಬೆನ್ನು. ಯಾರೂ ತಿರುಗಿ ನೋಡುವುದಿಲ್ಲ ಎಂದು ಗೊತ್ತಿದ್ದರೂ ಅವನ ಕೈ ಹ್ಯಾಟಿನ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು. ಕೊನೆಗೆ ಹ್ಯಾಟು ಕೆಳಗೆ ಬಂತು. ಬೆಳ್ಳಗಿನ ಬೋಳುತಲೆ ಬೆವೆತಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದು, ಅಭ್ಯಾಸಬಲದಿಂದ ಎಡಗಿವಿ ಒಡ್ಡಿದ. ಬುರ್ಗಾ ಬಾಯಿ ತೆರೆಯಲಿಲ್ಲ, ಕಾದಳು. ಅವನು ತಿರುಗಿ ಬಲಗಿವಿ ಕೊಟ್ಟ.

“ನನಗೆ ಗೊತ್ತಿಲ್ಲ” ಎಂದ. ಹ್ಯಾಟನ್ನು ಇನ್ನೊಂದು ಕೈಗೆ ಬದಲಿಸಿ, “ನನಗೆ ಕೊಡಿ.”

ಅವಳು ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಮಂಡಿಯೂರಿ, ಜೇಬಿನಿಂದ ಚೂರು ತೆಗೆದು, ಅದರ ಜಾಗದಲ್ಲಿ ಇಟ್ಟಳು.

“ಇಷ್ಟೇನಾ?” ಎಂದ ಅಡಾಲ್ಬರ್ಟ್.

ಅವಳ ಸಿಟ್ಟು ಇಳಿದಿರಬಹುದು ಎಂದು ಉಳಿದವರು ಅಂದುಕೊಂಡಿದ್ದರೆ ಅದು ಅವರ ತಪ್ಪು. ಅವಳು ಮಂಡಿಯ ಮಣ್ಣು ಕೂಡ ಕೊಡವದೆ ಎದ್ದು ನಿಂತಳು.

“ಇಷ್ಟೇ. ಒಂದ್ ಲೋಟ ಕಾಫಿ ಕುಡಿಯೋವಷ್ಟು ಹೊತ್ತಿನ ಮಾತು. ನೀನು ಮುಖ್ಯಸ್ಥ ಆದ ಸಂಜೆ ಅಡುಗೆಮನೇಲಿ ಇದಕ್ಕೆ ಕಿವಿ ಕೊಟ್ಟಿದ್ರೆ ಮುಗ್ದುಹೋಗಿತ್ತು.”

ಎಲ್ಲರನ್ನೂ ತಿರುಗಲು ಏವಾಲ್ಟ್ ಕೂಗಿ ಹೇಳಿದ. ಕಲ್ಲು ನಿಜ, ನೆಟ್ಟಲ್ಲೇ ಇದೆ, ಮಂಗಳವಾರ ನಮ್ಮಿಂದ ತಪ್ಪಾಯಿತು ಎಂದು ಏಳ್ವರು ಒಬ್ಬೊಬ್ಬರಾಗಿ ಹೇಳಿದರು. ಏಳನೆಯವಳಾಗಿ ಬುರ್ಗಾ ಹೇಳಿದಳು. ಸರ್ವೇಯರ್ ತಂದಿದ್ದ ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊಸ ಹಾಳೆ ತೆಗೆಯಬೇಕಾಯಿತು. ಊರವರು ಚಪ್ಪಾಳೆ ತಟ್ಟಿದರು, ಯಾರೋ ಪ್ಲಮ್ ಹಣ್ಣಿನ ಸಾರಾಯಿ ತಂದರು. ಎಲ್ಲರೂ ಕುಡಿದು ಇಳಿಜಾರು ಇಳಿಯುವಾಗ ಅಡಾಲ್ಬರ್ಟ್ ಹ್ಯಾಟು ಕೈಯಲ್ಲೇ ಹಿಡಿದುಕೊಂಡು ಹಿಂದಿನಿಂದ ಬರುತ್ತಿದ್ದ. ಬುರ್ಗಾ ನಿಂತು ಅವನಿಗಾಗಿ ಕಾದಳು.

“ನಿನ್ನ ನಲವತ್ತೊಂದು ಕಲ್ಲು ಇದಾವಲ್ಲ” ಎಂದಳು. “ಒಂದೊಂದನ್ನೂ ಎತ್ತಿ, ಕೆಳಗಿರೋದನ್ನ ಬಿಸಾಕಿ, ಸರಿಯಾದ್ದು ಇಡ್ಬೇಕು. ಸೋಮವಾರ ಬೆಳಿಗ್ಗೆ ಏಳಕ್ಕೆ ಬಾ.”

“ಸೋಮವಾರ ಮೇ ಒಂದು. ರಜೆ” ಎಂದ. “ಊರೂ ಇರಲ್ಲ ಅವತ್ತು.”

“ನಾನಿರ್ತೀನಿ” ಎಂದಳು. “ಸಲಿಕೆ ನೀನೇ ತಗೊಂಡ್ ಬಾ.”